ಚೀಸ್ ತಟ್ಟೆಗೆ ಮೊದಲ ಚಾಕು ನೀವೇ ಹಾಕಿ

ನಿಘಂಟು ತೆರೆದರೆ ಚೀಸ್‌ಗೆ ಗಿಣ್ಣು ಎಂಬ ಅರ್ಥ ಸಿಗುತ್ತದೆ. ಆದರೆ "ಸಂಜೆ ಬನ್ನಿ, ಗಿಣ್ಣು ಇದೆ" ಎಂದು ಯಾರನ್ನಾದರೂ ಕರೆದು ನೋಡಿ. ಅವರು ಆಗಷ್ಟೇ ಕರು ಹಾಕಿದ ಹಸುವಿನ ಹಾಲು, ಬೆಲ್ಲ, ಏಲಕ್ಕಿಯನ್ನು ನೆನೆಯುತ್ತಾ ಬರುತ್ತಾರೆ. ಅಂಥವರ ಮುಂದೆ ಬಿಳಿ ಬೂಷ್ಟು ಹೊದ್ದ ಬ್ರೀ ಇಟ್ಟರೆ ಅವರ ಮುಖ ಏನಾಗಬೇಡ! ಆದ್ದರಿಂದ ಇಲ್ಲಿ ಚೀಸ್ ಅನ್ನು ಚೀಸ್ ಎಂದೇ ಕರೆಯುತ್ತೇನೆ.

ನಾನು ಮೊದಲ ಸಲ ಚೀಸ್ ತಟ್ಟೆ ಜೋಡಿಸಿದ್ದು ಬೆಂಗಳೂರಿನಲ್ಲಿ, ಹೊಸ ಮನೆಗೆ ಬಂದ ತಿಂಗಳಲ್ಲಿ. ಆರು ಬಗೆಯ ಚೀಸ್, ಎಲ್ಲವೂ ಇಡೀ ತುಂಡುಗಳು. ಹೊಸ ಮರದ ಹಲಗೆ, ಮೂರು ಪುಟ್ಟ ಚಾಕು. ಎಂಟು ಜನ ಬಂದರು, ಹಲಗೆಯ ಸುತ್ತ ಕುಳಿತರು, ಫೋಟೊ ತೆಗೆದರು. ಮುಕ್ಕಾಲು ಗಂಟೆಯಲ್ಲಿ ದ್ರಾಕ್ಷಿ ಮುಗಿಯಿತು, ಗೋಡಂಬಿ ಮುಗಿಯಿತು, ಚೀಸ್ ಮಾತ್ರ ಇಟ್ಟ ಹಾಗೇ ಇತ್ತು. ಕೊನೆಗೆ ಗದಗಿನಿಂದ ಬಂದಿದ್ದ ಸೋದರಮಾವ ಮೆಲ್ಲಗೆ ಕೇಳಿದರು: "ಯಾಕವಾ, ಇದನ್ನು ಕತ್ತರಿಸುವುದು ಯಾವಾಗ?" ಹುಟ್ಟುಹಬ್ಬದ ಕೇಕಿನ ಹಾಗೆ ಯಾರೋ ಮುಖ್ಯರಾದವರು ಬಂದು ಕತ್ತರಿಸುತ್ತಾರೆ ಎಂದು ಪಾಪ ಅವರು ಕಾಯುತ್ತಿದ್ದರು.

ಅವರದೇನೂ ತಪ್ಪಿಲ್ಲ. ನಮ್ಮ ಮನೆಗಳಲ್ಲಿ ಅತಿಥಿ ಬಡಿಸಿದ್ದನ್ನು ತಿನ್ನುತ್ತಾನೆ, ತಾನಾಗಿ ಕೈಹಾಕಿ ಕೊಯ್ದುಕೊಳ್ಳುವುದಿಲ್ಲ. "ಇನ್ನೊಂದು ಹಾಕಿಸಿಕೊಳ್ಳಿ" ಎಂದು ಮೂರು ಸಲ ಹೇಳಿಸಿಕೊಂಡ ಮೇಲೆ ತಟ್ಟೆ ಮುಂದೆ ಚಾಚುವ ಜನ ನಾವು. ಚೀಸ್ ಹಲಗೆಯೋ ಪೂರ್ತಿ ಬೇರೆ ಲೆಕ್ಕದ ಮೇಲೆ ನಿಂತಿದೆ. ಅಲ್ಲಿ ಎಲ್ಲರೂ ತಮತಮಗೆ ಬೇಕಾದ್ದನ್ನು ಕತ್ತರಿಸಿಕೊಳ್ಳಬೇಕು. ಆ ಸಂಜೆ ಕೆಟ್ಟದ್ದು ಇಲ್ಲಿ, ಚೀಸಿನ ಆಯ್ಕೆಯಲ್ಲಲ್ಲ. ಕೆಳಗೆ ಬರೆದಿರುವ ಕ್ರಮ ಆ ಸಂಜೆಯ ನಂತರ ಒಂದೊಂದಾಗಿ ಕಲಿತದ್ದು.

ಎಷ್ಟು ಕೊಳ್ಳಬೇಕು

ಊಟಕ್ಕೆ ಮುಂಚಿನ ತಿನಿಸಾದರೆ ತಲೆಗೆ 50ರಿಂದ 60 ಗ್ರಾಂ ಸಾಕು. ಎಂಟು ಜನರಿಗೆ 400ರಿಂದ 500 ಗ್ರಾಂ. ಊಟದ ಬದಲಿಗೇ ಇಡುವುದಾದರೆ ಇದರ ಎರಡರಷ್ಟು ಬೇಕು, ಆದರೆ ಆ ಸಾಹಸವನ್ನು ನಮ್ಮ ಕಡೆ ಮಾಡಬೇಡಿ. ಎಷ್ಟೇ ಚೀಸ್ ತಿಂದಿದ್ದರೂ ಎಂಟೂವರೆಗೆ ಯಾರಾದರೊಬ್ಬರು ಅಡುಗೆಮನೆಯ ಕಡೆ ನೋಡುತ್ತಾರೆ. ಫ್ರಾನ್ಸಿನಲ್ಲಿ ಚೀಸ್ ಬರುವುದು ಊಟದ ಮುಖ್ಯ ಭಾಗ ಮುಗಿದ ಮೇಲೆ, ಸಿಹಿಗಿಂತ ಮುಂಚೆ. ಅನ್ನ, ಸಾರು, ಮೊಸರನ್ನ ಮುಗಿಸಿದವರಿಗೆ ಆ ಜಾಗದಲ್ಲಿ ಚೀಸ್ ಇಡುವುದು ಶಿಕ್ಷೆ. ಸಂಜೆ ಆರರಿಂದ ಏಳೂವರೆ ನಮಗೆ ಸರಿಯಾದ ಹೊತ್ತು. ಕರೆಯುವಾಗಲೇ "ಊಟವೂ ಇದೆ" ಎಂದು ಹೇಳಿಬಿಡಿ. ಆಗ ಜನ ನಿಶ್ಚಿಂತೆಯಿಂದ ರುಚಿ ನೋಡುತ್ತಾರೆ.

ಬಗೆಗಳು ನಾಲ್ಕು ಸಾಕು, ಮೊದಲ ಸಲಕ್ಕೆ ಮೂರೇ ಸಾಕು. ಆರು ಇಟ್ಟಾಗ ಯಾವುದರ ರುಚಿಯೂ ನೆನಪಿನಲ್ಲಿ ನಿಲ್ಲುವುದಿಲ್ಲ, ದುಡ್ಡು ಮಾತ್ರ ನೆನಪಿರುತ್ತದೆ.

ಯಾವುದನ್ನು ಆರಿಸಬೇಕು

ಅಂಗಡಿಗೆ ಹೋಗುವ ಮುನ್ನ ಒಂದು ವ್ಯತ್ಯಾಸ ತಿಳಿದಿರಬೇಕು. ನಾವು ಬಾಲ್ಯದಿಂದ ತಿಂದ ಕ್ಯೂಬ್, ಸ್ಲೈಸ್ ಎಲ್ಲ ಸಂಸ್ಕರಿಸಿದ ಚೀಸ್. ನಿಜವಾದ ಚೀಸನ್ನು ಕರಗಿಸಿ, ಕೊಬ್ಬು ನೀರು ಬೇರೆಯಾಗದಂತೆ ಹಿಡಿದಿಡುವ ಲವಣಗಳನ್ನು ಸೇರಿಸಿ ಮತ್ತೆ ಅಚ್ಚು ಹಾಕಿದ್ದು. ಕಾಯಿಸಿದ್ದರಿಂದ ಅದರೊಳಗಿನ ಬ್ಯಾಕ್ಟೀರಿಯಾ ಸತ್ತಿರುತ್ತದೆ. ಹಾಗಾಗಿ ಅದು ಮಾಗುವುದಿಲ್ಲ, ಇವತ್ತೂ ಒಂದೇ ರುಚಿ, ಆರು ತಿಂಗಳ ಮೇಲೂ ಅದೇ ರುಚಿ. ತಟ್ಟೆಯ ಮುಖ್ಯ ಜಾಗ ಮಾಗಿದ, ಸಂಸ್ಕರಿಸದ ಚೀಸ್‌ಗೆ. ಆದರೂ ಮಕ್ಕಳು ಬರುವ ಮನೆಯಾದರೆ ಒಂದು ಮೂಲೆಯಲ್ಲಿ ನಾಲ್ಕು ಕ್ಯೂಬ್ ಇಡುವುದರಲ್ಲಿ ನಾಚಿಕೆ ಏನೂ ಇಲ್ಲ. ಮೊದಲು ಖಾಲಿಯಾಗುವುದು ಅದೇ.

ಆರಿಸುವಾಗ ಮೆತ್ತಗಿನಿಂದ ಗಟ್ಟಿಯ ಕಡೆಗೆ ಹೋಗಿ. ತಾಜಾ ಬಗೆಯಲ್ಲಿ ಒಂದು: ಆಡಿನ ಹಾಲಿನ ಮೆತ್ತನೆಯ ಚೀಸ್, ಫೆಟಾ ಅಥವಾ ಒಳಗೆ ಕೆನೆ ತುಂಬಿದ ಬುರಾಟಾ. ಬೂಷ್ಟು ಹೊದ್ದ ಮೆತ್ತನೆಯದು ಒಂದು: ಬ್ರೀ ಅಥವಾ ಕಮೆಂಬೇರ್. ಅರೆಗಟ್ಟಿಯದು ಒಂದು: ಗೌಡಾ ಅಥವಾ ಚೆಡ್ಡರ್. ನಾಲ್ಕನೆಯದು ಧೈರ್ಯಕ್ಕೆ ಬಿಟ್ಟದ್ದು: ವರ್ಷಕ್ಕಿಂತ ಹೆಚ್ಚು ಮಾಗಿಸಿದ ಗಟ್ಟಿ ಚೀಸ್, ಇಲ್ಲವೇ ನೀಲಿ ಗೆರೆಗಳ ಬ್ಲೂ ಚೀಸ್. ಬಂದವರಲ್ಲಿ ಅರ್ಧದಷ್ಟು ಜನ ಚೀಸ್‌ಗೆ ಹೊಸಬರಾದರೆ ಬ್ಲೂ ಬಿಟ್ಟು ಹಳೆಯ ಗೌಡಾ ತನ್ನಿ. ಅದರಲ್ಲಿ ಕ್ಯಾರಮೆಲ್‌ನ ಛಾಯೆ ಇರುತ್ತದೆ, ಸಿಹಿ ನಾಲಗೆಯವರು ಬೇಗ ಒಲಿಯುತ್ತಾರೆ.

ಎಲ್ಲವೂ ಹೊರದೇಶದಿಂದಲೇ ಬರಬೇಕಿಲ್ಲ. ಬೆಂಗಳೂರಿನಲ್ಲೇ ವಲ್ಲೊಂಬ್ರೋಸಾ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳು ಮೊಜರೆಲ್ಲಾ, ಬುರಾಟಾ ಮುಂತಾದ ಇಟಲಿಯ ಬಗೆಗಳನ್ನು ತಯಾರಿಸುತ್ತಾರೆ. ಕೊಡೈಕೆನಾಲ್‌ನಲ್ಲಿ, ಆರೋವಿಲ್‌ನ ಲಾ ಫೆರ್ಮ್ ಎಂಬ ಚೀಸ್ ಘಟಕದಲ್ಲಿ ಮಾಡಿದ್ದೂ ಸಿಗುತ್ತದೆ. ಪಶ್ಚಿಮ ಬಂಗಾಳದ ಬ್ಯಾಂಡೆಲ್ ಚೀಸ್ ಪುಟ್ಟ ಬಿಲ್ಲೆಯ ಆಕಾರದ್ದು, ಉಪ್ಪು ಮುಂದಾಗಿರುತ್ತದೆ, ಹೊಗೆ ಹಾಕಿದ ಬಗೆಯೂ ಇದೆ. ಯಾರಾದರೂ ಆ ಕಡೆಯಿಂದ ಬರುವವರಿದ್ದರೆ ತರಿಸಿಕೊಳ್ಳಿ. ಜಮ್ಮುವಿನ ಉಧಂಪುರದ ಕಲಾರಿ ಸಿಕ್ಕರೆ ಹಸಿಯಾಗಿ ಇಡಬೇಡಿ. ಕಾದ ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಸುಟ್ಟು ಬಿಸಿಯಾಗಿ ಕೊಡುವಂಥದ್ದು ಅದು.

ಪನೀರ್ ಕೂಡ ಚೀಸ್ ಅಲ್ಲವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಹೌದು, ಹುಳಿ ಹಾಕಿ ಒಡೆಸಿದ ತಾಜಾ ಚೀಸ್. ಆದರೆ ಸಪ್ಪೆ ಪನೀರಿನ ಚೌಕಗಳು ಹಲಗೆಯ ಮೇಲೆ ಅನಾಥವಾಗಿ ಕಾಣುತ್ತವೆ, ಅವುಗಳನ್ನು ಅಡುಗೆಗೇ ಬಿಡಿ.

ಸಸ್ಯಾಹಾರಿಗಳ ವಿಷಯ

ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಎಂಬ ಕಿಣ್ವವನ್ನು ಸಾಂಪ್ರದಾಯಿಕವಾಗಿ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸನ್ನು ಕರುವಿನ ರೆನೆಟ್‌ನಿಂದಲೇ ಮಾಡಬೇಕೆಂಬುದು ಅದರ ನಿಯಮದಲ್ಲೇ ಇದೆ. ಅಂದರೆ ಆ ಹೆಸರಿನ ಅಸಲಿ ಚೀಸ್ ಸಸ್ಯಾಹಾರವಲ್ಲ. ಗ್ರಾನಾ ಪಡಾನೊ ಕೂಡ ಹಾಗೆಯೇ, ಸಾಮಾನ್ಯವಾಗಿ ಅದರಲ್ಲಿ ಮೊಟ್ಟೆಯಿಂದ ತೆಗೆದ ಅಂಶವೂ ಇರುತ್ತದೆ. ಇನ್ನೊಂದೆಡೆ, ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿದ ಚೀಸ್ ಈಗ ಧಾರಾಳವಾಗಿ ಸಿಗುತ್ತದೆ.

ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ, ಜೊತೆಗೆ ಪದಾರ್ಥಗಳ ಪಟ್ಟಿಯಲ್ಲಿ ಮೈಕ್ರೋಬಿಯಲ್ ರೆನೆಟ್ ಎಂದಿದೆಯೇ ಎಂದೂ ಓದಿ. ವಿದೇಶದಿಂದ ಯಾರೋ ತಂದುಕೊಟ್ಟ ಚೀಸ್ ಆದರೆ ಇನ್ನೂ ಎಚ್ಚರ ಬೇಕು, ಅದರ ಮೇಲೆ ನಮ್ಮ ಚುಕ್ಕೆ ಇರುವುದಿಲ್ಲ. ಅನುಮಾನವಿದ್ದರೆ ಆ ತುಂಡನ್ನು ನಿಮ್ಮ ಮನೆಯವರಿಗೇ ಇಟ್ಟುಕೊಳ್ಳಿ. "ಹಾಲಿನದೇ ತಾನೆ, ತಿನ್ನಿ" ಎಂದು ಯಾರ ಬಾಯಿಗೂ ಹಾಕಬೇಡಿ.

ಬರುವವರಲ್ಲಿ ಗರ್ಭಿಣಿಯರಿದ್ದರೆ ಬ್ರೀ, ಕಮೆಂಬೇರ್, ಬ್ಲೂ ಚೀಸ್ ಅವರಿಗೆ ಬೇಡ. ಅಂಥ ತೇವದ ಚೀಸ್‌ಗಳಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಗಟ್ಟಿ ಚೀಸ್ ಅವರಿಗೆ ಸಲ್ಲುತ್ತದೆ. ಹಾಲು ಕುಡಿದರೆ ಹೊಟ್ಟೆ ಕೆಡುವವರಿಗೂ ಚೆನ್ನಾಗಿ ಮಾಗಿದ ಗಟ್ಟಿ ಚೀಸೇ ವಾಸಿ, ಅದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಬಹುತೇಕ ಉಳಿದಿರುವುದಿಲ್ಲ.

ಫ್ರಿಜ್ಜಿನಿಂದ ಯಾವಾಗ ತೆಗೆಯಬೇಕು

ನನ್ನ ಮೊದಲ ತಟ್ಟೆಯ ಎರಡನೇ ತಪ್ಪು ಇದು. ತಣ್ಣಗಿನ ಚೀಸ್ ಬಾಯಲ್ಲಿ ಮೇಣದ ಹಾಗೆ. ತಂಪಿನಲ್ಲಿ ಕೊಬ್ಬು ಬಿಗಿದುಕೊಂಡಿರುತ್ತದೆ, ಪರಿಮಳ ಹೊರಗೆ ಬರುವುದಿಲ್ಲ. ಚಳಿ ದೇಶಗಳ ಪುಸ್ತಕಗಳಲ್ಲಿ ಒಂದು ಗಂಟೆ ಮುಂಚೆ ತೆಗೆದಿಡಿ ಎಂದಿರುತ್ತದೆ. ಬೆಂಗಳೂರು, ಮೈಸೂರಿನ ಸಂಜೆಗೆ ಅರ್ಧ ಗಂಟೆ ಸಾಕು. ಮಂಗಳೂರು, ಕಾರವಾರದ ಸೆಕೆಗೆ, ಕಲಬುರಗಿಯ ಬೇಸಿಗೆಗೆ ಹದಿನೈದು ನಿಮಿಷ. ಗಟ್ಟಿಯದನ್ನು ಮೊದಲು ತೆಗೆಯಿರಿ, ಬ್ರೀಯನ್ನು ಕೊನೆಗೆ. ಬುರಾಟಾ ಮಾತ್ರ ಹತ್ತು ನಿಮಿಷ ಮುಂಚೆ ತೆಗೆದರೆ ಸಾಕು. ಕತ್ತರಿಸಿದ ಮುಖ ಒಣಗದಂತೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ತೆಳು ಬಟ್ಟೆ ಮುಚ್ಚಿ. ಫ್ಯಾನಿನ ಕೆಳಗೆ ಇಡಬೇಡಿ, ಹತ್ತು ನಿಮಿಷದಲ್ಲಿ ಅಂಚು ಒಣಗಿ ಬಿರುಸಾಗುತ್ತದೆ.

ಮೆತ್ತನೆಯ ಚೀಸ್ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿ ದಾಟಿದ ಕೋಣೆಯಲ್ಲಿ ಒಂದೇ ಗಂಟೆ. ಹಾಗಾಗಿ ನಾನು ಎಲ್ಲವನ್ನೂ ಒಮ್ಮೆಗೇ ಇಡುವುದಿಲ್ಲ, ಅರ್ಧ ಇಟ್ಟು ಅರ್ಧ ಒಳಗಿಟ್ಟಿರುತ್ತೇನೆ.

ಕತ್ತರಿಸುವ ಬಗೆ

ಹಲಗೆ ಎಂದರೆ ದುಬಾರಿಯದೇ ಆಗಬೇಕಿಲ್ಲ. ಚಪಾತಿ ಮಣೆ ಆಗುತ್ತದೆ, ಸಪಾಟಾದ ದೊಡ್ಡ ತಟ್ಟೆಯೂ ಆಗುತ್ತದೆ. ಈರುಳ್ಳಿ ಹೆಚ್ಚುವ ಹಲಗೆ ಮಾತ್ರ ಬೇಡ, ಎಷ್ಟು ತಿಕ್ಕಿದರೂ ಅದರ ವಾಸನೆ ಬ್ರೀಗೆ ಹತ್ತುತ್ತದೆ. ತೊಳೆದು ಚೆನ್ನಾಗಿ ಒರೆಸಿದ ಬಾಳೆ ಎಲೆ ಹಾಸಿದರೆ ನೋಡಲೂ ಚೆಂದ, ತೊಳೆಯುವ ಕೆಲಸವೂ ಕಡಿಮೆ.

ಬ್ರೀ ತುಂಡು ತ್ರಿಕೋನವಾಗಿ ಸಿಗುತ್ತದೆ. ಅದರ ಮೂತಿಯನ್ನು, ಅಂದರೆ ಚೂಪಾದ ತುದಿಯನ್ನು ಅಡ್ಡಕ್ಕೆ ಕೊಯ್ಯಬೇಡಿ. ಅದು ಗಾಲಿಯಾಕಾರದ ಇಡೀ ಬ್ರೀಯ ನಡುಭಾಗ, ಅತಿ ಮೆತ್ತಗಿರುವುದೂ ಅದೇ. ಮೊದಲು ಬಂದವರು ಅದನ್ನು ಹೊಡೆದುಕೊಂಡರೆ ಕೊನೆಯವರಿಗೆ ಬರೀ ಸಿಪ್ಪೆ. ತುದಿಯಿಂದ ಬುಡದವರೆಗೆ ಉದ್ದುದ್ದಕ್ಕೆ ಸೀಳಿ, ಆಗ ಪ್ರತಿ ಹೋಳಿಗೂ ಒಂದಿಷ್ಟು ನಡುಭಾಗ, ಒಂದಿಷ್ಟು ಸಿಪ್ಪೆ ಬರುತ್ತದೆ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಂಡು ಕೊಯ್ದರೆ ಅಂಟುವುದಿಲ್ಲ. ಆಡಿನ ಹಾಲಿನ ಚೀಸ್, ಬ್ಲೂ ಚೀಸ್ ಚಾಕುವಿಗೆ ಪುಡಿಯಾಗುತ್ತವೆ. ಅವಕ್ಕೆ ಹೊಲಿಗೆಯ ದಾರವೇ ಮೇಲು: ಬಣ್ಣ ಹಾಕದ ಗಟ್ಟಿ ನೂಲನ್ನು ಬಿಸಿನೀರಿನಲ್ಲಿ ತೊಳೆದು, ಎರಡೂ ಕೈಗಳಲ್ಲಿ ಬಿಗಿಯಾಗಿ ಎಳೆದು ಹಿಡಿದು ಮೇಲಿನಿಂದ ಒತ್ತಿ. ಬೇಯಿಸಿದ ಮೊಟ್ಟೆಯನ್ನು ದಾರದಲ್ಲಿ ಸೀಳಿದವರಿಗೆ ಇದನ್ನು ಕಲಿಸಬೇಕಿಲ್ಲ.

ಗೌಡಾ, ಚೆಡ್ಡರ್ ಬೆರಳುದ್ದದ ಕಡ್ಡಿಗಳಾಗಲಿ. ಗೌಡಾದ ಮೇಲಿನ ಕೆಂಪು ಅಥವಾ ಹಳದಿ ಮೇಣ ತಿನ್ನುವಂಥದ್ದಲ್ಲ, ಬಿಡಿಸಿಯೇ ಇಡಿ. ಬಹಳ ಮಾಗಿದ ಗಟ್ಟಿ ಚೀಸನ್ನು ಕೊಯ್ಯುವುದಕ್ಕಿಂತ ಚಾಕುವಿನ ತುದಿ ಚುಚ್ಚಿ ತಿರುಗಿಸಿ ಮುರಿಯುವುದು ಸರಿ. ಅಚ್ಚುಬೆಲ್ಲ ಒಡೆದ ಹಾಗೆ ಒರಟು ಹೆಂಟೆಗಳು ಬರುತ್ತವೆ, ಆ ಒರಟು ಮೈಯಲ್ಲೇ ರುಚಿ ಹೆಚ್ಚು. ಒಳಗೆ ಸಿಗುವ ಬಿಳಿ ಚುಕ್ಕೆಗಳು ಮರಳೂ ಅಲ್ಲ, ಉಪ್ಪೂ ಅಲ್ಲ. ಪ್ರೋಟೀನ್ ಒಡೆದು ಟೈರೋಸಿನ್ ಎಂಬ ಅಂಶ ಹರಳುಗಟ್ಟಿದ್ದು. ಹಲ್ಲಿಗೆ ಕರಕರ ಎನ್ನುತ್ತದೆ, ಚೆನ್ನಾಗಿ ಮಾಗಿದೆ ಎಂಬುದಕ್ಕೆ ಗುರುತು.

ಪ್ರತಿ ಬಗೆಯಲ್ಲಿ ಮೂರನೇ ಎರಡು ಭಾಗ ಕತ್ತರಿಸಿಡಿ, ಒಂದು ಭಾಗ ಇಡಿಯಾಗಿ ಬಿಡಿ. ಇಡೀ ತುಂಡು ನೋಡಲು ಇರುವುದು, ಹೋಳುಗಳು ತಿನ್ನಲು. ಎಲ್ಲವೂ ಹೋಳಾಗಿದ್ದರೆ ಕ್ಯಾಂಟೀನಿನ ತಟ್ಟೆಯ ಹಾಗೆ ಕಾಣುತ್ತದೆ. ಎಲ್ಲವೂ ಇಡಿಯಾಗಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮಾವ ಹೇಳುತ್ತಾರೆ.

ಜೊತೆಗೇನು

ನನಗೆ ಇಡೀ ತಟ್ಟೆಯಲ್ಲಿ ಪ್ರೀತಿಯ ಭಾಗ ಇದು. ಆಮದಾದ ಕ್ರ್ಯಾಕರ್ ಪೊಟ್ಟಣಗಳ ಬೆಲೆ ಕೆಲವೊಮ್ಮೆ ಚೀಸಿನ ಬೆಲೆಯ ಜೊತೆ ಪೈಪೋಟಿಗೆ ನಿಲ್ಲುತ್ತದೆ. ನಮ್ಮಮ್ಮ ಧಾರವಾಡದಿಂದ ಕಳಿಸುವ ಖಡಕ್ ಜೋಳದ ರೊಟ್ಟಿ ಅವೆಲ್ಲಕ್ಕಿಂತ ಮೇಲು. ಕಾಗದದಷ್ಟು ತೆಳು, ಉಪ್ಪು ಕಡಿಮೆ, ಎಣ್ಣೆಯಿಲ್ಲ. ಚೀಸ್ ತನ್ನ ಮಾತು ತಾನು ಆಡಲು ಬಿಡುತ್ತದೆ. ಅಂಗೈ ಅಗಲದ ಚೂರುಗಳಾಗಿ ಮುರಿದು ಬುಟ್ಟಿಯಲ್ಲಿಡಿ. ಬ್ರೀ ಹಚ್ಚಿದ ಖಡಕ್ ರೊಟ್ಟಿಯನ್ನು ಒಮ್ಮೆ ತಿಂದವರು ಬಿಸ್ಕತ್ತಿನ ಕಡೆ ತಿರುಗಿ ನೋಡುವುದಿಲ್ಲ. "ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದೆವಲ್ಲ, ಅದೇ ತಾನೆ" ಎಂದು ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು. ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತು ಚೆಡ್ಡರ್ ಜೊತೆ ಜೋರಾಗಿ ಹೊಂದುತ್ತದೆ, ಬ್ರೀ ಜೊತೆ ಬೇಡ, ಮಸಾಲೆ ಅದನ್ನು ನುಂಗಿಹಾಕುತ್ತದೆ. ನಿಪ್ಪಟ್ಟಿಗೂ ಅದೇ ಮಾತು.

ಇಂಗ್ಲೆಂಡಿನವರು ಚೆಡ್ಡರ್ ಜೊತೆ ಚಟ್ನಿ ತಿನ್ನುತ್ತಾರೆ. ಆ ಪದವೂ ಪದಾರ್ಥವೂ ಇಲ್ಲಿಂದಲೇ ಹೋದದ್ದು. ಅವರ ಬಾಟಲಿಯ ಚಟ್ನಿಯನ್ನು ನಾವು ಕೊಳ್ಳುವುದೇಕೆ? ಮಾವಿನಕಾಯಿ ಬೆಲ್ಲದ ಗುಳಂಬ ಮನೆಯಲ್ಲಿದ್ದರೆ ಒಂದು ಬಟ್ಟಲು ಇಡಿ. ಹುಳಿ ಸಿಹಿ ಎರಡೂ ಚೆಡ್ಡರಿನ ಕೊಬ್ಬನ್ನು ಕಡಿಯುತ್ತವೆ. ಬ್ಲೂ ಚೀಸ್ ಮೇಲೆ ಕೊಡಗಿನ ಜೇನು ಒಂದು ಎಳೆ ಸುರಿದು ಕೊಟ್ಟರೆ ಮೂಗು ಮುರಿದವರೂ ಇನ್ನೊಂದು ಕೇಳುತ್ತಾರೆ. ವಿಜಯಪುರದ ಒಣದ್ರಾಕ್ಷಿ, ಹುರಿದ ಗೋಡಂಬಿ, ಒಣ ಅಂಜೂರ, ಬೀಜ ತೆಗೆದ ಚಕ್ಕೋತದ ತೊಳೆ, ಬೆಂಗಳೂರು ನೀಲಿ ದ್ರಾಕ್ಷಿ ಎಲ್ಲವೂ ಸಲ್ಲುತ್ತವೆ. ಅನಾನಸ್, ಪರಂಗಿಕಾಯಿ ಮಾತ್ರ ಚೀಸ್‌ಗೆ ತಾಗಿಸಿ ಇಡಬೇಡಿ, ಅವುಗಳಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಸೇಬಿನ ಹೋಳನ್ನು ನಿಂಬೆರಸದ ನೀರಿನಲ್ಲಿ ಅದ್ದಿ ತೆಗೆದರೆ ಕಪ್ಪಾಗುವುದಿಲ್ಲ.

ಕುಡಿಯಲು ವೈನ್ ಕೊಡುವ ಮನೆಯವರಿಗೆ ನಂದಿಬೆಟ್ಟದ ಬುಡದ ದ್ರಾಕ್ಷಿ ತೋಟಗಳ ವೈನ್ ಇದ್ದೇ ಇದೆ. ಕೊಡದ ಮನೆಗಳಲ್ಲಿ ಪುನರ್ಪುಳಿ ಶರಬತ್ತು ಅದೇ ಕೆಲಸ ಮಾಡುತ್ತದೆ, ಸಕ್ಕರೆ ಸ್ವಲ್ಪ ಕಡಿಮೆ ಇರಲಿ. ಹಳೆಯ ಗೌಡಾ ಜೊತೆ ಫಿಲ್ಟರ್ ಕಾಫಿ ಕೂಡ ಚೆನ್ನ. ನಗಬೇಡಿ, ಸ್ವೀಡನ್, ಫಿನ್ಲೆಂಡಿನ ಉತ್ತರ ಭಾಗದಲ್ಲಿ ಬಿಸಿ ಕಾಫಿಯೊಳಗೇ ಚೀಸ್ ತುಂಡು ಹಾಕಿಕೊಂಡು ತಿನ್ನುವ ಪದ್ಧತಿ ಇದೆ.

ಜೋಡಣೆ ಮತ್ತು ಎಂಜಲು

ಮೊದಲು ಚೀಸ್‌ಗಳನ್ನು ದೂರದೂರ ಇಡಿ, ಆಮೇಲೆ ಗುಳಂಬ, ಜೇನಿನ ಬಟ್ಟಲು, ಆಮೇಲೆ ಹಣ್ಣು, ಉಳಿದ ಸಂದುಗಳಿಗೆ ಗೋಡಂಬಿ. ಸೌಮ್ಯವಾದದ್ದರಿಂದ ಶುರುವಾಗಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಖಾರವಾದದ್ದಕ್ಕೆ ಹೋಗಲಿ. ಬ್ಲೂ ಚೀಸ್ ಒಂದು ಅಂಚಿಗೆ, ಅದಕ್ಕೆ ಅದರದೇ ಚಾಕು. ಬುರಾಟಾ ನೀರು ಬಿಡುತ್ತದೆ, ಅದಕ್ಕೆ ಬೇರೆ ಬಟ್ಟಲು. ರೊಟ್ಟಿ ಚೂರುಗಳನ್ನು ಹಲಗೆಯ ಮೇಲೆ ಇಡಬೇಡಿ, ತೇವ ಹೀರಿ ಮೆತ್ತಗಾಗುತ್ತವೆ.

ಇಂಥ ಹಲಗೆಯ ಮುಂದೆ ನಮ್ಮ ಹಿರಿಯರು ಹಿಂಜರಿಯಲು ಇನ್ನೊಂದು ಕಾರಣವಿದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಕಚ್ಚಿದ ಚೂರನ್ನೇ ಮತ್ತೆ ಬಟ್ಟಲಿಗೆ ಅದ್ದುವುದು, ಬಾಯಿಗಿಟ್ಟ ಚಮಚ ಜೇನಿಗೆ ಹೋಗುವುದು, ಇದೆಲ್ಲ ಅವರ ಕಣ್ಣಿಗೆ ಬಿದ್ದರೆ ಮುಗಿಯಿತು, ಆಮೇಲೆ ಅವರು ಒಂದು ದ್ರಾಕ್ಷಿಯನ್ನೂ ಮುಟ್ಟುವುದಿಲ್ಲ. ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಪುಟ್ಟ ತಟ್ಟೆ ಕೊಡಿ. ಪ್ರತಿ ಬಟ್ಟಲಿಗೂ ಅದರದೇ ಚಮಚ, ಹೋಳುಗಳಿಗೆ ಚುಚ್ಚಿದ ಕಡ್ಡಿ, ಬಳಸಿದ ಕಡ್ಡಿ ಹಾಕಲು ಒಂದು ಲೋಟ. ಅಜ್ಜಿ, ಅತ್ತೆಯಂದಿರಿಗೆ ಯಾರೂ ಕೈಹಾಕುವ ಮೊದಲೇ ಒಂದು ತಟ್ಟೆ ಬೇರೆಯಾಗಿ ಬಡಿಸಿ ಅವರ ಕೈಗೇ ಕೊಟ್ಟುಬಿಡಿ. ನಾನು ಹೀಗೆ ಮಾಡಲು ಶುರು ಮಾಡಿದ ಮೇಲೆ ನಮ್ಮ ಅತ್ತೆಯವರು ಆಡಿನ ಹಾಲಿನ ಚೀಸ್ ಎರಡು ಸಲ ಹಾಕಿಸಿಕೊಂಡಿದ್ದಾರೆ.

ಪ್ರತಿ ಚೀಸಿನ ಮುಂದೆ ಕನ್ನಡದಲ್ಲೇ ಒಂದು ಚೀಟಿ ಇರಲಿ: ಹೆಸರು, ಯಾವ ಹಾಲು, ಸಸ್ಯಾಹಾರಿ ರೆನೆಟ್ ಹೌದೋ ಅಲ್ಲವೋ. ಬ್ರೀ ಮುಂದಿನ ಚೀಟಿಯಲ್ಲಿ "ಬಿಳಿ ಸಿಪ್ಪೆ ತಿನ್ನಬಹುದು" ಎಂದು ತಪ್ಪದೆ ಬರೆಯಿರಿ. ಅದು ಬೇಕೆಂದೇ ಬೆಳೆಸಿದ ಪೆನಿಸಿಲಿಯಂ ಬೂಷ್ಟು, ಕೆಟ್ಟದ್ದಲ್ಲ. ಬರೆಯದಿದ್ದರೆ ಯಾರಾದರೂ ಪುಣ್ಯಾತ್ಮರು ಸಹಾಯ ಮಾಡಲು ಹೋಗಿ ಸಿಪ್ಪೆಯನ್ನೆಲ್ಲ ನೀಟಾಗಿ ಹೆರೆದು ಕಸದ ಬುಟ್ಟಿಗೆ ಹಾಕಿರುತ್ತಾರೆ.

ಎಲ್ಲರೂ ಕುಳಿತ ಮೇಲೆ ಹಲಗೆ ತಂದಿಡಿ. ಇಡುವಾಗಲೇ ಎಲ್ಲರ ಎದುರು ಆ ಇಡೀ ಬ್ರೀ ತುಂಡಿಗೆ ಚಾಕು ಹಾಕಿ, ಒಂದು ಹೋಳನ್ನು ರೊಟ್ಟಿಯ ಮೇಲಿಟ್ಟು ಪಕ್ಕದವರ ಕೈಗೆ ಕೊಡಿ. ಇನ್ನೊಂದನ್ನು ನೀವೇ ತಿನ್ನಿ. ಎರಡೇ ಕ್ಷಣದ ಕೆಲಸ. ಆಮೇಲೆ ಯಾರಿಗೂ ಉಪಚಾರ ಹೇಳಬೇಕಾಗುವುದಿಲ್ಲ.

ಉಳಿದ ಗಟ್ಟಿ ಚೀಸನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದರೆ ಬೆವರಿ ವಾಸನೆ ಬರುತ್ತದೆ. ಎರಡು ಗಂಟೆ ಹೊರಗಿದ್ದ ಬುರಾಟಾ ಉಳಿದರೆ ಮೋಹ ಬೇಡ, ಎಸೆಯಿರಿ. ಚೆಡ್ಡರಿನ ಚೂರುಪಾರು ಮರುದಿನ ಬೆಳಿಗ್ಗೆ ಕಾವಲಿಯ ಮೇಲಿನ ದೋಸೆಗೆ, ಈರುಳ್ಳಿ ಹಸಿಮೆಣಸಿನ ಜೊತೆ.